ಎನ್‌ಡಿಎ ಒಳಗೆ ಸುಡಾನ್ ಬ್ಲಾಕ್: ಅಷ್ಟಕ್ಕೂ ಸುಡಾನ್ ಯಾಕೆ?

ವಾರ್ಜೆ ಅಮ್ಮ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಪುಣೆಗೆ ಬಂದು ಹನ್ನೊಂದು ವರ್ಷವಾಯಿತು, ಈಗ ವಾರ್ಜೆಯಲ್ಲಿದ್ದೇವೆ. ಹೋದ ಭಾನುವಾರ ಮನೆಮಂದಿಯೆಲ್ಲ ಸಿಂಹಗಡ ಹತ್ತಿದ್ದೆವು. ಮೇಲೆ ಕೂತು ಪಿಠ್ಲಾ ಭಾಕ್ರಿ, ಮಡಕೆ ಮೊಸರು ತಿನ್ನುವಾಗ ಕೆಳಗೆ ಖಡಕವಾಸ್ಲಾ ಕೆರೆ ಕಾಣುತ್ತಿತ್ತು. ಕೆರೆಯ ಆಚೆ ಎನ್‌ಡಿಎ, ಅಂದರೆ ಮೂರೂ ಪಡೆಗಳಿಗೆ ಅಧಿಕಾರಿಗಳನ್ನು ತಯಾರು ಮಾಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯ ಜಾಗ, ಪೂರ್ತಿ ಹಸಿರು. ನಮ್ಮ ಮಗಳು ಹತ್ತನೇ ಕ್ಲಾಸು. ಎನ್‌ಡಿಎಗೇ ಸೇರಬೇಕು ಅಂತ ಆರು ತಿಂಗಳಿಂದ ಒಂದೇ ಜಪ. ಅವಳೇ ಕೇಳಿದ್ದು, "ಅಲ್ಲಿರುವ ದೊಡ್ಡ ಕಟ್ಟಡಕ್ಕೆ ಸುಡಾನ್ ಬ್ಲಾಕ್ ಅಂತ ಯಾಕೆ ಹೆಸರು?"

ಸರಿ, ಅಲ್ಲಿಂದ ಜಗಳ ಶುರು. ಮೈದುನ ಹೇಳಿದ, "ಎನ್‌ಡಿಎ ಪೂರ್ತಿ ಕಟ್ಟಿಸಿದ್ದೇ ಸುಡಾನ್ ದೇಶದವರು, ವಾಟ್ಸಾಪ್‌ನಲ್ಲಿ ಬಂದಿತ್ತು." ನಮ್ಮ ಯಜಮಾನರು, "ಸುಮ್ನೆ ಇರೋ, ಆ ಬಡ ದೇಶ ನಮಗೆ ಯಾಕೆ ಕಟ್ಟಿಸಿಕೊಡುತ್ತೆ, ಅದು ಬರೀ ಹೆಸರು" ಅಂದರು. ಕೊನೆಗೆ ಸೋತವರು ಭಾಕ್ರಿ ದುಡ್ಡು ಕೊಡಬೇಕು ಅಂತ ಪಂಥ ಆಯಿತು. ಆವತ್ತಿನ ಬಿಲ್ಲು ಸದ್ಯಕ್ಕೆ ನಾನೇ ಕೊಟ್ಟಿದ್ದೇನೆ, ಅದು ವಾಪಸ್ ಬರಬೇಕು.

ಗೊತ್ತಿರುವವರು ಯಾರಾದರೂ ಸರಿಯಾಗಿ ಹೇಳಿ. ಇಷ್ಟು ಜಾಗ ಬಿಟ್ಟು ಖಡಕವಾಸ್ಲಾಕ್ಕೇ ಯಾಕೆ ಬಂತು ಅಂತಲೂ ಮಗಳಿಗೆ ತಿಳಿಯಬೇಕಂತೆ.

ಸಿಂಹಗಡ ಸೈಕಲ್

ನಿಮ್ಮ ಮೈದುನ ಹೇಳಿದ್ದೇ ಸರಿ ಮೇಡಂ. ನನಗೂ ಅದೇ ಮೆಸೇಜ್ ಬಂದಿತ್ತು. ಸುಡಾನ್ ಸರ್ಕಾರ ಕೊಟ್ಟ ದುಡ್ಡಲ್ಲಿ ಎನ್‌ಡಿಎ ಕಟ್ಟಿದ್ದು. ಹಾಗಾಗಿ ಆ ಹೆಸರು. ಜಾಗ ಖಡಕವಾಸ್ಲಾ ಯಾಕೆ ಅಂದರೆ ಪುಣೆ ಹವಾ ಚೆನ್ನಾಗಿದೆ, ಅಷ್ಟೇ.

ಹಳೇ ವಾಯರ್‌ಮನ್

ಸೈಕಲ್ ತಮ್ಮಾ, ನಿನ್ನ ಮೆಸೇಜು ಅರ್ಧ ಖರೆ, ಅರ್ಧ ಸುಳ್ಳು. ಸಿಟ್ಟಾಗಬ್ಯಾಡ.

ತಂಗಿ, ನಾನು ಧಾರವಾಡ ಕಡೆಯವನು. 1981ರಲ್ಲಿ ಎಂಇಎಸ್‌ನಲ್ಲಿ ವಾಯರ್‌ಮನ್ ಅಂತ ಸೇರಿದೆ. ಎಂಇಎಸ್ ಅಂದರೆ ಮಿಲಿಟರಿ ಕಟ್ಟಡಗಳ ನೀರು, ಕರೆಂಟು, ರಿಪೇರಿ ನೋಡಿಕೊಳ್ಳುವ ಖಾತೆ. ನನ್ನ ನೌಕರಿ ಬಹುಪಾಲು ಎನ್‌ಡಿಎ ಒಳಗೇ ಹೋಯಿತು. 2012ರಲ್ಲಿ ರಿಟೈರ್ ಆದೆ, ಈಗ ಉತ್ತಮನಗರದಲ್ಲಿದ್ದೇನೆ. ಹಾಗಂತ ನಾನೇನು ಇತಿಹಾಸದ ಮಾಸ್ತರ ಅಲ್ಲ. ಸುಡಾನ್ ಬ್ಲಾಕಿನ ಚೋಕು, ಸ್ಟಾರ್ಟರ್ ಎಷ್ಟು ಬದಲಿಸಿದ್ದೇನೆ ಅಂತ ಕೇಳಿದರೆ ಹೇಳಬಲ್ಲೆ. ಅದಕ್ಕೆ ಆ ಹೆಸರು ಯಾಕೆ ಅಂತ ನನಗೂ ಹದಿನಾಲ್ಕು ವರ್ಷ ಗೊತ್ತಿರಲಿಲ್ಲ. ಗೊತ್ತಾಗಿದ್ದು ಹೆಜ್ಜೇನಿನಿಂದ.

ಅದನ್ನೇ ಮೊದಲು ಹೇಳಿಬಿಡುತ್ತೇನೆ. 1995ರ ಮೇ ತಿಂಗಳು. ಅಲ್ಲಿ ತರಬೇತಿ ಮುಗಿಸಿದವರನ್ನು ಬೀಳ್ಕೊಡಲು ವರ್ಷಕ್ಕೆ ಎರಡು ಸಲ ಪಾಸಿಂಗ್ ಔಟ್ ಪರೇಡ್ ನಡೆಯುತ್ತದೆ, ಮೇ ಕೊನೆಗೆ ಒಂದು, ನವೆಂಬರ್ ಕೊನೆಗೆ ಒಂದು. ಅದರ ಹಿಂದಿನ ಹದಿನೈದು ದಿನ ನಮಗೆ ಉಸಿರು ಬಿಡಲು ಪುರುಸೊತ್ತಿಲ್ಲ. ಕಟ್ಟಡಕ್ಕೆಲ್ಲ ದೀಪ ಹಾಕಬೇಕು. ಸುಡಾನ್ ಬ್ಲಾಕಿನ ಕಲ್ಲು ಕೆಂಪು ಕಲ್ಲು, ಜೋಧಪುರದ್ದು. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಕೈ ಇಟ್ಟರೆ ರೊಟ್ಟಿ ಹಂಚಿನ ಮೇಲೆ ಇಟ್ಟ ಹಾಗೆ. ಅದಕ್ಕೆ ಬೆಳಗ್ಗೆ ಆರಕ್ಕೇ ಏಣಿ ಹಾಕಿದೆ. ಕಮಾನಿನ ಒಳಗೆ ಒಂದು ಕಡೆ ಹೆಜ್ಜೇನು ಕಟ್ಟಿತ್ತು. ಕೆಳಗಿನಿಂದ ನೋಡಿದಾಗ ಗಾರೆ ಮಾಸಿದ ಕಲೆ ಅಂದುಕೊಂಡಿದ್ದೆ. ಫಿಟಿಂಗ್ ತಿರುಗಿಸಿದ ಕೂಡಲೇ ಆ ಕಲೆ ಅಲುಗಾಡಿತು.

ಏಣಿ ಇಳಿದೆನೋ ಬಿದ್ದೆನೋ ನೆನಪಿಲ್ಲ. ಮೇಲ್ತುಟಿ ಬೋಂಡಾ ಆಗಿತ್ತು, ಒಂದು ಕಣ್ಣು ಮುಚ್ಚಿತ್ತು. ಕಟ್ಟೆ ಮೇಲೆ ಕೂತು ಮುಖಕ್ಕೆ ಒದ್ದೆ ಅರಿವೆ ಒತ್ತಿಕೊಂಡು "ಅಯ್ಯೋ ನಮ್ಮವ್ವಾ" ಅಂತಿದ್ದೆ. ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ಕೆಡೆಟ್ ನಿಂತ. ಅಲ್ಲಿ ಹುಡುಗರೆಲ್ಲ ಸೈಕಲ್ ಮೇಲೇ ಓಡಾಡುವುದು. "ಏನಾಯ್ತು ಕಾಕಾ, ಕನ್ನಡದವರಾ?" ಅಂದ. ಕೊಡಗಿನ ಹುಡುಗ, ಇನ್ನೂ ಮೀಸೆ ಮೂಡಿರಲಿಲ್ಲ. ಬಾಟಲಿ ನೀರು ಕೊಟ್ಟ. ನಾನು ಆ ಕಟ್ಟಡಕ್ಕೆ ಬೈಯುತ್ತಾ, "ಈ ಸುಡಾನಿನವರು ಜೇನುಹುಳನೂ ಕಳಿಸ್ಯಾರೇನು" ಅಂದೆ. ಅವನು ನಕ್ಕು ಹೇಳಿದ, "ಇಲ್ಲ ಕಾಕಾ, ಅವರು ಕಳಿಸಿದ್ದು ಒಂದು ಲಕ್ಷ ಪೌಂಡ್." ಪಾಠ ಒಪ್ಪಿಸುವ ಹಾಗೆ ನಾಲ್ಕು ಮಾತು ಪಟಪಟ ಹೇಳಿದ, ಸೈಕಲ್ ಹತ್ತಿ ಹೋದ. ಹದಿನೇಳು ವರ್ಷದ ಹುಡುಗನಿಗೆ ಗೊತ್ತಿರುವುದು ಹದಿನಾಲ್ಕು ವರ್ಷದಿಂದ ಅದೇ ಗೋಡೆಗೆ ಮೊಳೆ ಹೊಡೆಯುವವನಿಗೆ ಗೊತ್ತಿಲ್ಲ ಅಂದರೆ ನಾಚಿಕೆ ಅಲ್ವಾ? ಆಮೇಲೆ ನಾನೂ ಕೇಳಿ, ಓದಿ ತಿಳಿದುಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ.

1940ರ ಜುಲೈನಲ್ಲಿ ಇಟಲಿಯವರು ಸುಡಾನ್ ಗಡಿಯ ಕಸ್ಸಾಲಾ, ಗಲ್ಲಾಬಾತ್ ಊರುಗಳನ್ನು ಹಿಡಿದರು. ಪಕ್ಕದ ಎರಿಟ್ರಿಯಾ, ಇಥಿಯೋಪಿಯಾ ಆಗಲೇ ಅವರ ಕೈಯಲ್ಲಿದ್ದವು. ಅವರನ್ನು ಹಿಂದೆ ತಳ್ಳಲು ಹೋದ ಸೈನ್ಯದಲ್ಲಿ ನಮ್ಮ 4ನೇ ಮತ್ತು 5ನೇ ಇಂಡಿಯನ್ ಡಿವಿಜನ್ ಇದ್ದವು. ಕೇರೆನ್ ಅನ್ನುವ ಗುಡ್ಡಗಾಡಿನಲ್ಲಿ 1941ರ ಫೆಬ್ರವರಿಯಿಂದ ಮಾರ್ಚ್ ಕೊನೆಯವರೆಗೆ ಭಾರೀ ಕಾಳಗ ಆಯಿತು. ಬಹಳ ಜನ ಸತ್ತರು. ಅದೇ ವರ್ಷ ಸುಡಾನ್ ಸರ್ಕಾರ, ನಮ್ಮನ್ನು ಕಾಪಾಡಲು ಬಂದು ಸತ್ತ ಭಾರತದ ಸೈನಿಕರಿಗೆ ಒಂದು ಸ್ಮಾರಕ ಮಾಡಿ ಅಂತ ಆಗಿನ ವೈಸ್‌ರಾಯ್ ಲಿನ್ಲಿತ್ಗೋಗೆ ಒಂದು ಲಕ್ಷ ಪೌಂಡ್ ಕೊಟ್ಟಿತು. ತಂಗಿ, ಇಲ್ಲಿ ಗಮನಿಸಿ. ದುಡ್ಡು ಕೊಟ್ಟಿದ್ದು ಸ್ಮಾರಕಕ್ಕೆ. ಆಗ ಎನ್‌ಡಿಎ ಅನ್ನುವ ಹೆಸರೂ ಇರಲಿಲ್ಲ.

ಸ್ಮಾರಕ ಅಂದರೆ ಒಂದು ಕಂಬ ನಿಲ್ಲಿಸಿ ಹಾರ ಹಾಕಬಹುದಿತ್ತು. ಹಾಗೆ ಮಾಡಲಿಲ್ಲ, ಪುಣ್ಯ. ಯುದ್ಧ ಮುಗಿಯುವ ಹೊತ್ತಿಗೆ ಎಲ್ಲರಿಗೂ ಒಂದು ಮಾತು ಅರ್ಥವಾಗಿತ್ತು. ಭೂಸೇನೆ, ನೌಕಾಪಡೆ, ವಾಯುಪಡೆ ಬೇರೆ ಬೇರೆ ಒಲೆ ಹೂಡಿದರೆ ಮುಂದಿನ ಯುದ್ಧ ಗೆಲ್ಲೋಕಾಗಲ್ಲ. ಕಮಾಂಡರ್ ಇನ್ ಚೀಫ್ ಆಕಿನ್‌ಲೆಕ್ ಅವರ ಕಮಿಟಿ 1946ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಮೂರೂ ಪಡೆಯ ಹುಡುಗರನ್ನು ಮೊದಲಿಂದಲೇ ಒಂದೇ ಕಡೆ ಇಟ್ಟು ತಯಾರು ಮಾಡಬೇಕು ಅಂತ. ಸ್ಮಾರಕದ ದುಡ್ಡು ಈ ಕೆಲಸಕ್ಕೆ ತಿರುಗಿತು.

ಅಷ್ಟರಲ್ಲಿ ದೇಶ ಭಾಗ ಆಯಿತು. ಮನೆ ಪಾಲಾದಾಗ ಹಂಡೆ, ಕೊಡ ಎಲ್ಲ ಪಾಲಾಗುತ್ತವಲ್ಲ, ಹಾಗೇ ಇದೂ. ಭಾರತಕ್ಕೆ 70,000 ಪೌಂಡ್, ಪಾಕಿಸ್ತಾನಕ್ಕೆ 30,000. ಸತ್ತ ಸೈನಿಕರಲ್ಲಿ ಈಗ ಪಾಕಿಸ್ತಾನ ಆಗಿರುವ ಕಡೆಯವರೂ ಇದ್ದರು, ಹಾಗಾಗಿ ಅದು ನ್ಯಾಯವೇ.

ಆ 70,000ದಲ್ಲಿ ಇಷ್ಟು ದೊಡ್ಡ ಅಕಾಡೆಮಿ ಕಟ್ಟಲು ಆಗುತ್ತದಾ? ಪರೇಡ್ ಗ್ರೌಂಡು, ಸ್ಕ್ವಾಡ್ರನ್ ಕಟ್ಟಡಗಳು, ಮೆಸ್ಸು, ಆಸ್ಪತ್ರೆ, ಒಳಗಿನ ರಸ್ತೆಗಳು ಎಲ್ಲ ನಮ್ಮ ಸರ್ಕಾರದ್ದು. ಆಗಿನ ಮುಂಬೈ ರಾಜ್ಯ 8,022 ಎಕರೆ ಕೊಟ್ಟಿತು, ಅದರಲ್ಲಿ ಎನ್‌ಡಿಎ ಇರುವುದು 7,015 ಎಕರೆಯಲ್ಲಿ. ಸುಡಾನಿನ ದುಡ್ಡು ಹೋಗಿದ್ದು ಒಂದು ಕಟ್ಟಡಕ್ಕೆ. ಅದೇ ಮೂರಂತಸ್ತಿನ, ಗುಮ್ಮಟ ಇರುವ ಮುಖ್ಯ ಕಟ್ಟಡ. ಅದಕ್ಕೇ ಆ ಹೆಸರು.

ಇನ್ನು ಖಡಕವಾಸ್ಲಾ ಯಾಕೆ ಅನ್ನೋದು. ಬರೀ ಹವಾ ಅಲ್ಲ ಸೈಕಲ್ ತಮ್ಮಾ. ಲೋಹಗಾಂವ್‌ನಲ್ಲಿ ಆಗಲೇ ವಿಮಾನ ನಿಲ್ದಾಣ ಇತ್ತು. ಪುಣೆ ಮೊದಲೇ ಮಿಲಿಟರಿ ಊರು, ಸಮುದ್ರವೂ ತೀರಾ ದೂರವಲ್ಲ, ಸುತ್ತ ಗುಡ್ಡ. ಎಲ್ಲಕ್ಕಿಂತ ಹೆಚ್ಚಾಗಿ ಆ ಕೆರೆ. ಎರಡನೇ ಮಹಾಯುದ್ಧದ ಕಾಲದಲ್ಲೇ ಆ ಕೆರೆ ದಂಡೆಯಲ್ಲಿ ಸೈನಿಕರಿಗೆ ಒಂದು ತರಬೇತಿ ಕೇಂದ್ರ ಇತ್ತು. ಹಡಗಿನಿಂದ ಶತ್ರುವಿನ ದಡಕ್ಕೆ ಇಳಿಯುವುದು ಹೇಗೆ ಅಂತ ಅಲ್ಲಿ ಕಲಿಸುತ್ತಿದ್ದರು. ಅದಕ್ಕಾಗಿ ಉತ್ತರ ದಂಡೆಯ ಮೇಲೆ ಒಂದು ಸುಳ್ಳು ಹಡಗನ್ನೇ ಕಟ್ಟಿದ್ದರು, ಎಚ್‌ಎಂಎಸ್ ಅಂಗೋಸ್ಟುರಾ ಅಂತ ಹೆಸರಿಟ್ಟು. ಘಟ್ಟದ ಮೇಲೆ, ನೆಲದ ಮೇಲೆ ನಿಂತ ಹಡಗು! ತೇಲುವ ಮಾತಿಲ್ಲ, ಮುಳುಗುವ ಭಯ ಇಲ್ಲ. ಜಾಗ ಹುಡುಕಲು ಬಂದವರಿಗೆ ಸೈನ್ಯದ ಬಳಕೆಯಲ್ಲಿದ್ದ ಜಾಗ, ನೀರು, ಹಡಗು ಎಲ್ಲ ತಯಾರಾಗಿ ಸಿಕ್ಕ ಹಾಗಾಯಿತು. ಈಗಲೂ ಕೆಡೆಟ್‌ಗಳು ದೋಣಿ ಕಲಿಯುವುದು ಅದೇ ಕೆರೆಯ ಪೀಕಾಕ್ ಬೇ ಅನ್ನುವ ಕೊಲ್ಲಿಯಲ್ಲಿ.

ನನ್ನ ಮಟ್ಟಿಗೆ ಹೇಳುವುದಾದರೆ ಸುಡಾನ್ ದುಡ್ಡು ಕೊಟ್ಟಿತು ನಿಜ, ಆದರೆ ಎನ್‌ಡಿಎಯನ್ನು ಖಡಕವಾಸ್ಲಾಕ್ಕೆ ಎಳೆದು ತಂದಿದ್ದು ಆ ನೀರು. ಆ ನೀರಿನಲ್ಲಿ ನಮ್ಮ ಕರ್ನಾಟಕದವರೊಬ್ಬರ ಕೈಯೂ ಇದೆ. ಅದನ್ನು ಇನ್ನೊಂದು ಸಲ ಬರೆಯುತ್ತೇನೆ. ಫೋನಿನಲ್ಲಿ ಬರೆದು ಹೆಬ್ಬೆರಳು ನೋಯುತ್ತಿದೆ.

ಲೆಕ್ಕ ಕೇಳುವವ

ಹಿರಿಯರೇ, ಚೆನ್ನಾಗಿ ಬರೆದಿದ್ದೀರಿ. ಒಂದು ಅನುಮಾನ. 1941ರಲ್ಲಿ ಸುಡಾನ್ ಸ್ವತಂತ್ರ ದೇಶ ಎಲ್ಲಿತ್ತು? ಅಲ್ಲಿ ಬ್ರಿಟಿಷರದ್ದೇ ಕಾರುಬಾರು, ಹೆಸರಿಗೆ ಈಜಿಪ್ಟ್ ಜೊತೆ. ಇಲ್ಲೂ ಬ್ರಿಟಿಷರು. ಅಂದರೆ ಬ್ರಿಟಿಷ್ ಸರ್ಕಾರ ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿಕೊಂಡಿತು. ಇದರಲ್ಲಿ ಸುಡಾನಿನ ಕೃತಜ್ಞತೆ ಎಲ್ಲಿಂದ ಬಂತು?

ಹಳೇ ವಾಯರ್‌ಮನ್

ಲೆಕ್ಕದವರೇ, ಒಳ್ಳೆ ಪ್ರಶ್ನೆ. ನೀವು ಹೇಳಿದ್ದು ಖರೆ. ಕೊಟ್ಟ ಸಹಿಯೂ ಸಾಹೇಬನದೇ, ಇಸಿದುಕೊಂಡ ಸಹಿಯೂ ಸಾಹೇಬನದೇ. ಆದರೆ ದುಡ್ಡು ಆ ನಾಡಿನ ಖಜಾನೆಯದ್ದು, ಸತ್ತವರು ನಮ್ಮ ನಾಡಿನವರು. ಸಹಿ ಯಾರದಾದರೂ ಆಗಲಿ.

ಇನ್ನೊಂದು ಮಾತು. ಸುಡಾನ್ ಸ್ವತಂತ್ರ ಆಗಿದ್ದು 1956ರ ಜನವರಿ 1ಕ್ಕೆ. ಸುಡಾನ್ ಬ್ಲಾಕ್ ಉದ್ಘಾಟನೆ ಆಗಿದ್ದು 1959ರ ಮೇ 30ಕ್ಕೆ. ಉದ್ಘಾಟನೆ ಮಾಡಿದವರು ಸುಡಾನಿನ ರಾಯಭಾರಿ ರಹಮತುಲ್ಲಾ ಅಬ್ದುಲ್ಲಾ. ದುಡ್ಡು ಕೊಡುವಾಗ ಎರಡೂ ಕಡೆ ಗುಲಾಮಗಿರಿ, ಬಾಗಿಲು ತೆಗೆಯುವಾಗ ಎರಡೂ ಕಡೆ ಸ್ವಂತ ಬಾವುಟ. ಸ್ವತಂತ್ರ ಸುಡಾನ್ "ಅದು ಬ್ರಿಟಿಷರ ಕಾಲದ ವ್ಯವಹಾರ, ನಮಗೇನು" ಅನ್ನಬಹುದಿತ್ತು. ಹಾಗನ್ನದೆ ತನ್ನ ಮನುಷ್ಯನನ್ನು ಕಳಿಸಿತಲ್ಲ. ಅದನ್ನು ನಾನು ಜಮಾ ಕಡೆಗೆ ಬರೆಯುತ್ತೇನೆ, ನೀವು ಯಾವ ಕಾಲಂಗೆ ಬರೆಯುತ್ತೀರೋ ನೋಡಿ.

ತಂಗಿ, ಬಿಟ್ಟ ತಾರೀಖುಗಳನ್ನೂ ಮಗಳಿಗೆ ಹೇಳಿಬಿಡಿ, ಇಂಟರ್‌ವ್ಯೂಗೆ ಬೇಕಾಗಬಹುದು. ಖಡಕವಾಸ್ಲಾದಲ್ಲಿ ಕಟ್ಟಡ ಆಗುವವರೆಗೆ ಕಾಯಲಿಲ್ಲ. 1949ರ ಜನವರಿ 1ಕ್ಕೆ ಡೆಹ್ರಾಡೂನ್‌ನಲ್ಲೇ ಜಾಯಿಂಟ್ ಸರ್ವಿಸಸ್ ವಿಂಗ್ ಅಂತ ಶುರು ಮಾಡಿದರು. ಅದೇ ವರ್ಷ ಅಕ್ಟೋಬರ್ 6ಕ್ಕೆ ನೆಹರೂ ಇಲ್ಲಿ ಬಂದು ಅಡಿಗಲ್ಲು ಹಾಕಿದರು. ಆಗ ಸೈನ್ಯದ ಕಮಾಂಡರ್ ಇನ್ ಚೀಫ್ ಯಾರು ಗೊತ್ತಲ್ಲ, ನಮ್ಮ ಕೊಡಗಿನ ಕಾರಿಯಪ್ಪನವರು. ಡೆಹ್ರಾಡೂನ್‌ನಿಂದ ಇಲ್ಲಿಗೆ ಬಂದು ಶುರುವಾಗಿದ್ದು 1954ರ ಡಿಸೆಂಬರ್ 7ಕ್ಕೆ. ಉದ್ಘಾಟನೆ 1955ರ ಜನವರಿ 16. ಖಡಕವಾಸ್ಲಾದ ಮೊದಲ ಕಮಾಂಡೆಂಟ್ ಮೇಜರ್ ಜನರಲ್ ಹಬೀಬುಲ್ಲಾ. ಅವರ ಹೆಸರಿನ ಹಾಲ್ ಈಗಲೂ ಇದೆ.

ಒಂದು ತಮಾಷೆ ನೋಡಿ. ಮೊದಲನೇ ಕೋರ್ಸಿನ ಹುಡುಗರಲ್ಲಿ ಮೂವರು ಮುಂದೆ ಒಂದೇ ಹೊತ್ತಿಗೆ ಮೂರು ಪಡೆಗಳ ಮುಖ್ಯಸ್ಥರಾದರು. ಭೂಸೇನೆಗೆ ರೊಡ್ರಿಗಸ್, ನೌಕಾಪಡೆಗೆ ರಾಮದಾಸ್, ವಾಯುಪಡೆಗೆ ಸೂರಿ. 1991ರ ಹೊತ್ತಿನ ಮಾತು. ನಾವು ಎಂಇಎಸ್‌ನವರು "ನಮ್ಮ ಎನ್‌ಡಿಎ ಹುಡುಗರು" ಅಂತ ಚಹಾ ಅಂಗಡಿಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದ್ದೆವು. ಆಮೇಲೆ ಲೆಕ್ಕ ಹಾಕಿದರೆ ಆ ಮೂವರೂ ಕಲಿತಿದ್ದು ಡೆಹ್ರಾಡೂನ್‌ನಲ್ಲಿ. ನಮ್ಮ ಟ್ಯೂಬ್‌ಲೈಟ್ ಕೆಳಗೆ ಓದಿದವರಲ್ಲ.

ಖಡಕಿ ಕ್ರಾಸಿಂಗ್

ಕಾಕಾ, ನಿಮ್ಮ ಕಥೆಗೆ ನಮ್ಮ ಖಡಕಿಯದ್ದೂ ಒಂದು ತುಂಡು ಸೇರಿಸುತ್ತೇನೆ. ನಾನು ಇಪ್ಪತ್ತು ವರ್ಷದಿಂದ ಖಡಕಿ ಬಜಾರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದೇನೆ, ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಬಾಂಬೆ ಸ್ಯಾಪರ್ಸ್‌ನವರು. ಸ್ಯಾಪರ್ಸ್ ಅಂದರೆ ಸೇತುವೆ ಹಾಕುವ, ದಾರಿ ಮಾಡುವ, ನೆಲದಲ್ಲಿ ಹೂತ ಮೈನ್ ತೆಗೆಯುವ ಪಡೆ.

ಸುಡಾನ್ ಗಡಿಯ ಆ ಗಲ್ಲಾಬಾತ್ ಕಡೆಯಿಂದ ಇಟಲಿಯವರು ಹಿಂದೆ ಸರಿಯುವಾಗ ರಸ್ತೆ ತುಂಬಾ ಮೈನ್ ಹೂತು ಹೋಗಿದ್ದರು. ಅದನ್ನು ತೆಗೆಯುತ್ತಾ ಮುಂದೆ ನಡೆದವರು ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಪ್ರೇಮಿಂದ್ರ ಸಿಂಗ್ ಭಗತ್. ನಾಲ್ಕು ದಿನ, 55 ಮೈಲಿ, 15 ಮೈನ್‌ಫೀಲ್ಡ್. ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಅದೇ ಕೆಲಸ. ಅವರ ಗಾಡಿ ಎರಡು ಸಲ ಸಿಡಿಯಿತು, ಜೊತೆಯವರಿಗೆ ಪೆಟ್ಟಾಯಿತು. ಒಂದು ಕಿವಿಯ ತಮಟೆ ಹರಿದಿತ್ತು. ಬೇರೆಯವರನ್ನು ಕಳಿಸುತ್ತೇವೆ, ನೀನು ಸಾಕು ಮಾಡು ಅಂದರೂ ಒಪ್ಪಲಿಲ್ಲ. 1941ರಲ್ಲಿ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು, ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ಅದು. ಎರಡನೇ ಮಹಾಯುದ್ಧದಲ್ಲಿ ಅದು ಸಿಕ್ಕ ಮೊದಲ ಭಾರತೀಯ ಅಧಿಕಾರಿ ಅವರು.

ಸ್ಯಾಪರ್ಸ್ ಸೆಂಟರ್ ಇರುವುದು ನಮ್ಮ ಖಡಕಿಯಲ್ಲಿ. ಅಂದರೆ ಖಡಕಿಯ ಪಡೆಯವರು ಹೋಗಿ ಸುಡಾನ್ ಗಡಿಯಲ್ಲಿ ಮೈನ್ ತೆಗೆದರು, ಆ ಯುದ್ಧದ ಋಣಕ್ಕೆ ಬಂದ ದುಡ್ಡು ತಿರುಗಿ ಪುಣೆಗೇ ಬಂತು. ಖಡಕಿಯಿಂದ ಖಡಕವಾಸ್ಲಾಕ್ಕೆ ಬಸ್ಸಿನಲ್ಲಿ ಹೋದರೆ ಒಂದೂವರೆ ಗಂಟೆ. ಇದು ಮಾತ್ರ ಆಫ್ರಿಕಾ ಸುತ್ತಿಕೊಂಡು ಬಂತು.

ಬೆಳಗಾವಿ ಕುಂದಾ

ನಮ್ಮನ್ನು ಮರೀಬೇಡಿ. ಕೇರೆನ್ ಕಾಳಗದಲ್ಲಿ ಮರಾಠಾ ಲೈಟ್ ಇನ್ಫಂಟ್ರಿ ಪಲ್ಟನ್‌ಗಳೂ ಇದ್ದವು. ಅದರ ಸೆಂಟರ್ 1922ರಿಂದ ನಮ್ಮ ಬೆಳಗಾವಿಯಲ್ಲಿದೆ. ಹೆಸರು ಮರಾಠಾ ಆದರೂ ಬೆಳಗಾವಿ ಸುತ್ತಿನ ಹಳ್ಳಿಗಳಲ್ಲಿ ಪಲ್ಟನ್‌ಗೆ ಹೋದವರಿಲ್ಲದ ಓಣಿ ಕಡಿಮೆ. ನಮ್ಮ ಓಣಿಯ ಒಬ್ಬ ಅಜ್ಜ "ಕೇರನ್, ಕೇರನ್" ಅನ್ನುತ್ತಿದ್ದರು. ನಾವು ಸಣ್ಣವರು, ಯಾವುದೋ ಕೇರಿ ಹೆಸರು ಅಂತ ತಿಳಿದಿದ್ದೆವು. ಈಗ ಇದನ್ನು ಓದಿ ಮೈ ಜುಮ್ಮೆಂದಿತು. ಆ ಅಜ್ಜನನ್ನು ಕೂರಿಸಿಕೊಂಡು ಒಂದು ಮಾತು ಕೇಳಲಿಲ್ಲವಲ್ಲ ಅಂತ ಈಗ ಅನಿಸುತ್ತದೆ.

ವಾಯರ್‌ಮನ್ ಕಾಕಾ, ಕೆರೆಯಲ್ಲಿ ಕರ್ನಾಟಕದವರ ಕೈ ಅಂದಿರಲ್ಲ, ಅದು ಹೇಳಿ.

ಹಳೇ ವಾಯರ್‌ಮನ್

ಹೆಬ್ಬೆರಳಿಗೆ ಈಗ ಆರಾಮ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ತಪ್ಪಿದ್ದರೆ ಅವಳದು.

ಖಡಕವಾಸ್ಲಾ ಕಟ್ಟೆ ಮುಠಾ ನದಿಗೆ ಅಡ್ಡ ಕಟ್ಟಿದ್ದು, 1870ರ ದಶಕದ ಕೆಲಸ. ಪುಣೆಗೆ, ಕ್ಯಾಂಟೋನ್ಮೆಂಟಿಗೆ, ಹೊಲಗಳಿಗೆ ನೀರು ಬೇಕಿತ್ತು. ಆದರೆ ಮಳೆಗಾಲದಲ್ಲಿ ಕೆರೆ ತುಂಬಿ ಎಷ್ಟೋ ನೀರು ಕೋಡಿ ಮೇಲೆ ಹರಿದು ಹೋಗುತ್ತಿತ್ತು. ಕಟ್ಟೆಯನ್ನೇ ಎತ್ತರ ಮಾಡೋಣ ಅಂದರೆ ಖರ್ಚು, ಅಪಾಯ ಎರಡೂ. ಆಗ ಮುಂಬೈ ಸರ್ಕಾರದ ಲೋಕೋಪಯೋಗಿ ಖಾತೆಯಲ್ಲಿ ಎಂಜಿನಿಯರ್ ಆಗಿದ್ದವರು ನಮ್ಮ ವಿಶ್ವೇಶ್ವರಯ್ಯನವರು. ಅವರು ಎಂಜಿನಿಯರಿಂಗ್ ಓದಿದ್ದೂ ಪುಣೆಯಲ್ಲೇ. ಅವರು ಕೋಡಿಗೆ ಸ್ವಯಂಚಾಲಿತ ಬಾಗಿಲು ಮಾಡಿದರು. ನೀರು ಒಂದು ಮಟ್ಟಕ್ಕೆ ಬರುವವರೆಗೆ ಬಾಗಿಲು ಮುಚ್ಚಿಕೊಂಡು ತಡೆಯುತ್ತದೆ. ಅದಕ್ಕಿಂತ ಮೇಲೆ ಬಂದರೆ ತಾನಾಗಿ ತೆರೆದುಕೊಳ್ಳುತ್ತದೆ, ಇಳಿದರೆ ತಾನಾಗಿ ಮುಚ್ಚುತ್ತದೆ. ಮಧ್ಯರಾತ್ರಿ ಮಳೆಯಲ್ಲಿ ಯಾರೂ ಓಡಿ ಹೋಗಿ ಚಕ್ರ ತಿರುಗಿಸಬೇಕಿಲ್ಲ. ಮೊದಲ ಸಲ ಹಾಕಿದ್ದು ಇದೇ ಖಡಕವಾಸ್ಲಾದಲ್ಲಿ, 1903ರಲ್ಲಿ. ಆಮೇಲೆ ಗ್ವಾಲಿಯರ್‌ನ ತಿಗ್ರಾ, ನಮ್ಮ ಕನ್ನಂಬಾಡಿ. ಕನ್ನಂಬಾಡಿ ಹೆಸರು ಎಲ್ಲರಿಗೂ ಗೊತ್ತು, ಖಡಕವಾಸ್ಲಾ ಚೌಪಾಟಿಯಲ್ಲಿ ಮೆಕ್ಕೆಜೋಳದ ತೆನೆ ತಿನ್ನುವ ಕನ್ನಡದವರಿಗೆ ಇದು ಗೊತ್ತಿಲ್ಲ. ನಾನು ಕರೆಂಟಿನವನು, ತಾನಾಗಿ ಆಫ್ ಆಗುವ ಒಂದು ಸ್ವಿಚ್ಚು ಸರಿಯಾಗಿ ಕೂರಿಸಲು ಎಷ್ಟು ಒದ್ದಾಟ ಅಂತ ಬಲ್ಲೆ. ಆ ಮನುಷ್ಯ ಒಂದು ಕೆರೆಗೇ ಅದನ್ನು ಮಾಡಿದರು.

ಆ ಕೆರೆ ಒಮ್ಮೆ ಬರಿದೂ ಆಗಿತ್ತು. 1961ರ ಜುಲೈ 12. ಮೇಲ್ಗಡೆ ಪಾನ್ಶೇತ್ ಕಟ್ಟೆಯ ಕೆಲಸ ಇನ್ನೂ ನಡೆದಿತ್ತು, ಮಳೆ ಜಾಸ್ತಿಯಾಗಿ ಅದು ಕುಸಿಯತೊಡಗಿತು. ಸೈನ್ಯದ ಜವಾನರು ರಾತ್ರಿಯೆಲ್ಲ ಮರಳಿನ ಚೀಲ ಒಟ್ಟಿ ತಡೆದರು. ಬೆಳಗ್ಗೆ ಒಡೆಯಿತು. ಆ ನೀರು ಬಂದು ಖಡಕವಾಸ್ಲಾ ಕಟ್ಟೆಯನ್ನೂ ಅದೇ ದಿನ ಒಡೆಯಿತು. ಪುಣೆಯ ನದಿ ದಂಡೆಯ ಪೇಟೆಗಳಲ್ಲೆಲ್ಲ ನೀರು. ಹಳೇ ಪುಣೆಯವರನ್ನು ಕೇಳಿ ನೋಡಿ, ಇವತ್ತಿಗೂ ಪಾನ್ಶೇತ್‌ಗಿಂತ ಮೊದಲು, ಪಾನ್ಶೇತ್ ಆದಮೇಲೆ ಅಂತಲೇ ಮಾತಾಡುತ್ತಾರೆ. ನಾನು ಸೇರಿದಾಗ ನಮ್ಮಲ್ಲಿ ಒಬ್ಬ ಹಳೇ ಮಿಸ್ತ್ರಿ ಇದ್ದರು. ಅವರು ಹೇಳುತ್ತಿದ್ದರು, "ದೋಣಿಗಳು ಕೆಸರಲ್ಲಿ ಎಮ್ಮೆ ಮಲಗಿದ ಹಾಗೆ ಮಲಗಿದ್ದವು" ಅಂತ. ನೀರು ನೋಡಿ ಜಾಗ ಆರಿಸಿದರು, ಎನ್‌ಡಿಎ ಇಲ್ಲಿಗೆ ಬಂದು ಏಳು ವರ್ಷ ತುಂಬುವಷ್ಟರಲ್ಲಿ ನೀರೇ ಇಲ್ಲ. ಆಮೇಲೆ ಕಟ್ಟೆ ಮತ್ತೆ ಕಟ್ಟಿದರು ಬಿಡಿ.

ವಾರ್ಜೆ ಅಮ್ಮ

ಅಯ್ಯೋ, ಒಂದು ಪ್ರಶ್ನೆ ಕೇಳಿದರೆ ಒಂದು ಬುಟ್ಟಿ ಉತ್ತರ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದಮೇಲೆ ಮಗಳೇ ಜೋರಾಗಿ ಓದಿದಳು. ಹೆಜ್ಜೇನಿನ ಜಾಗ ಬಂದಾಗ ಅತ್ತೆಯವರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು, ಬೇಜಾರು ಮಾಡ್ಕೋಬೇಡಿ ಕಾಕಾ.

ಇನ್ನೆರಡು ಕೇಳಲಾ? ನೀವು ಇದ್ದಾಗ ಹುಡುಗಿಯರು ಇರಲಿಲ್ಲ ಅಲ್ವಾ? ಈಗ ಅವರಿಗೆ ಕಷ್ಟ ಆಗುತ್ತಾ? ಮತ್ತೆ ಆ ಕಟ್ಟಡ ಒಳಗೆ ಹೋಗಿ ನೋಡಬಹುದಾ?

ಹಳೇ ವಾಯರ್‌ಮನ್

ನಗಲಿ ಬಿಡಿ ತಂಗಿ, ನನ್ನ ಹೆಂಡತಿ ಮೂವತ್ತು ವರ್ಷದಿಂದ ನಗುತ್ತಲೇ ಇದ್ದಾಳೆ.

ನಾನಿದ್ದಾಗ ಹುಡುಗಿಯರು ಇರಲಿಲ್ಲ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹುಡುಗಿಯರೂ ಪರೀಕ್ಷೆ ಬರೆಯಲಿ ಅಂದಿತು. 2022ರಲ್ಲಿ ಮೊದಲ ತಂಡ ಒಳಗೆ ಬಂತು, 148ನೇ ಕೋರ್ಸು. 2025ರ ಮೇ 30ಕ್ಕೆ ಅವರಲ್ಲಿ 17 ಜನ ಪಾಸಾಗಿ ಹೊರಗೆ ಬಂದರು. ತಾರೀಖು ನೋಡಿ, ಸುಡಾನ್ ಬ್ಲಾಕ್ ಉದ್ಘಾಟನೆಯಾದ ದಿನವೂ ಮೇ 30. ಬೇಕಂತ ಇಟ್ಟಿದ್ದಲ್ಲ, ಮೇ ಕೊನೆಗೆ ಪರೇಡ್ ಇದ್ದೇ ಇರುತ್ತದೆ. ಆದರೂ ನನಗೆ ಖುಷಿಯಾಯಿತು.

ಆವತ್ತು ಟಿವಿ ಮುಂದೆ ಕೂತಿದ್ದೆ. ಖೇತ್ರಪಾಲ್ ಗ್ರೌಂಡಿನಲ್ಲಿ ಪರೇಡ್. ಆ ಮೈದಾನಕ್ಕೆ ಹೆಸರು ಕೊಟ್ಟ ಅರುಣ್ ಖೇತ್ರಪಾಲ್ ಇಲ್ಲೇ ಕಲಿತ ಹುಡುಗ, 1971ರ ಯುದ್ಧದಲ್ಲಿ ಟ್ಯಾಂಕ್ ಬಿಟ್ಟು ಇಳಿಯದೆ ಸತ್ತಾಗ ಇಪ್ಪತ್ತೊಂದು ವರ್ಷ, ಪರಮವೀರ ಚಕ್ರ ಬಂತು. ಪರೇಡಿನ ಕೊನೆಗೆ ಹುಡುಗರು ನಿಧಾನವಾಗಿ ಹೆಜ್ಜೆ ಹಾಕುತ್ತಾ ಅಂತಿಮ್ ಪಗ್ ದಾಟುತ್ತಾರೆ. ಕೊನೆಯ ಹೆಜ್ಜೆ ಅಂತ ಅದರ ಅರ್ಥ. ನೌಕರಿಯಲ್ಲಿದ್ದಾಗ ಆ ಹೊತ್ತಿಗೆ ನಾನು ಯಾವಾಗಲೂ ಸ್ವಿಚ್‌ಬೋರ್ಡ್ ಹತ್ತಿರ, ಮೈಕು ಕೈಕೊಡದಿರಲಿ ಅಂತ ದೇವರಿಗೆ ಹರಕೆ ಹೊರುತ್ತಾ ನಿಂತಿರುತ್ತಿದ್ದೆ. ಒಂದು ಸಲವೂ ಪೂರ್ತಿ ನೋಡಿರಲಿಲ್ಲ. ಆ ಹದಿನೇಳು ಹುಡುಗಿಯರಿಂದಾಗಿ ಮೊದಲ ಸಲ ಪೂರ್ತಿ ನೋಡಿದೆ. ಮೊಮ್ಮಗಳು "ಅಜ್ಜ ಅಳ್ತಿದ್ದ" ಅಂತ ಇಲ್ಲಿ ಸೇರಿಸಲಾ ಅಂತ ಕೇಳುತ್ತಿದ್ದಾಳೆ. ಬೇಡ ಅಂದಿದ್ದೇನೆ.

ಕಷ್ಟ ಆಗುತ್ತದಾ ಅಂದರೆ, ಆಗುತ್ತದೆ. ಹುಡುಗರಿಗೂ ಆಗುತ್ತದೆ. ನಾನು ನೋಡಿದ ಹಾಗೆ ಮೊದಲ ಟರ್ಮ್‌ನಲ್ಲಿ ಎಲ್ಲರ ಮುಖವೂ ಒಣಗಿದ ಮೆಣಸಿನಕಾಯಿ. ಮೂರು ವರ್ಷ, ಆರು ಟರ್ಮ್. ಮಗಳಿಗೆ ಈಗಲೇ ಗಣಿತ ಗಟ್ಟಿ ಮಾಡಿಸಿ. ಯುಪಿಎಸ್‌ಸಿ ಲಿಖಿತ ಪರೀಕ್ಷೆ 900 ಅಂಕ, ಅದರಲ್ಲಿ 300 ಗಣಿತಕ್ಕೇ. ಆಮೇಲೆ ಎಸ್‌ಎಸ್‌ಬಿ, ಅಂದರೆ ಸೈನ್ಯದ ಆಯ್ಕೆ ಮಂಡಳಿಯ ಇಂಟರ್‌ವ್ಯೂಗೆ 900. ವಾಯುಪಡೆ, ನೌಕಾಪಡೆ ಬೇಕಿದ್ದರೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕು. ದಿನಾ ಬೆಳಗ್ಗೆ ಓಡಲಿ. ವಾರ್ಜೆಯಲ್ಲಿ ಓಡಲು ಜಾಗ ಎಲ್ಲಿ ಅಂತ ನೀವೇ ನೋಡಿಕೊಳ್ಳಿ, ಹೈವೇ ಸರ್ವಿಸ್ ರೋಡಿನಲ್ಲಿ ಮಾತ್ರ ಬೇಡ.

ಒಳಗೆ ಹೋಗಿ ನೋಡುವುದು ಸುಮ್ನೆ ಆಗುವ ಮಾತಲ್ಲ, ಪರವಾನಗಿ ಬೇಕು. ಶಾಲೆಯ ಮೂಲಕ ಅರ್ಜಿ ಹಾಕಿ ನೋಡಿ. ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಫೋಟೋ ತೆಗೆಯಬೇಡಿ, ಸಂತ್ರಿ ಬಂದು ಕೇಳಿದರೆ ಭಾನುವಾರ ಹಾಳು. ಒಳಗೆ ಹೋಗಲು ಸಿಕ್ಕರೆ ಹಟ್ ಆಫ್ ರಿಮೆಂಬರನ್ಸ್ ಅಂತ ಒಂದು ಸಣ್ಣ ಮನೆ ಇದೆ, ಇಲ್ಲಿ ಕಲಿತು ಯುದ್ಧದಲ್ಲಿ ಸತ್ತವರ ಹೆಸರು ಅಲ್ಲಿವೆ. ಸುಡಾನ್ ಬ್ಲಾಕಿಗಿಂತ ಮೊದಲು ಅದನ್ನು ನೋಡಲಿ. ಸುಡಾನ್ ಬ್ಲಾಕ್ ನೋಡುವಾಗ ಕಮಾನಿನ ಒಳಗೆ ಕಪ್ಪು ಕಲೆ ಕಂಡರೆ ದೂರ ನಿಲ್ಲಲಿ.

ಸಿಂಹಗಡ ಸೈಕಲ್

ಕಾಕಾ, ತಪ್ಪಾಯ್ತು. ಆ ಮೆಸೇಜು ಡಿಲೀಟ್ ಮಾಡಿದೆ. ಈಗ ಹೇಳಿ ಮೇಡಂ, ಪಂಥದಲ್ಲಿ ಯಾರು ಗೆದ್ದರು? ಮೈದುನನೂ ಪೂರ್ತಿ ಸರಿಯಲ್ಲ, ನಿಮ್ಮ ಯಜಮಾನರೂ ಅಲ್ಲ.

ವಾರ್ಜೆ ಅಮ್ಮ

ತೀರ್ಪು ಮಗಳೇ ಕೊಟ್ಟಳು. ಸುಡಾನ್ ದುಡ್ಡು ಭಾಗ ಆದ ಹಾಗೇ ಬಿಲ್ಲೂ ಭಾಗ ಆಗಬೇಕಂತೆ. ಪೂರ್ತಿ ಎನ್‌ಡಿಎ ಅಂತ ಬುರುಡೆ ಬಿಟ್ಟ ಮೈದುನ 70, ಬರೀ ಹೆಸರು ಅಂದ ಯಜಮಾನರು 30. ಮೈದುನ ತಕ್ಷಣ ಕೊಟ್ಟ. ಯಜಮಾನರದ್ದು ಇನ್ನೂ ಬಾಕಿ.